ಭಾಮೈದನ ಗಾಲ್ಫೂ ಬೀಗರ ಚೆಂಡೂ

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಎಷ್ಟು ಗುಂಡಿಗಳಿವೆಯೋ ಅಷ್ಟೇ ಪ್ರಸಂಗಗಳು ನನ್ನ ನೆಂಟಸ್ತಿಕೆಯಲ್ಲೂ ಇವೆ. ಒಂದನ್ನು ತಪ್ಪಿಸಿಕೊಂಡೆ ಅನ್ನುವಷ್ಟರಲ್ಲಿ ಇನ್ನೊಂದರಲ್ಲಿ ಬಿದ್ದಿರುತ್ತೇನೆ.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ನಂಜನಗೂಡು ಬಸ್ ಸ್ಟಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ನಾನು ಸೀಟಿ ಊದದೆ ಒಂದು ಬಸ್ಸೂ ಕದಲುತ್ತಿರಲಿಲ್ಲ. ಒಮ್ಮೆ ನನಗೆ ನೆಗಡಿಯಾಗಿ ಮನೆಯಲ್ಲಿ ಮಲಗಿದ್ದಾಗ ಗುಂಡ್ಲುಪೇಟೆ ಬಸ್ಸು ನಿಂತಲ್ಲೇ ನಿಂತು, ಒಳಗಿದ್ದವರು ಅಲ್ಲೇ ಒಲೆ ಹೂಡಿ ಅನ್ನಕ್ಕಿಟ್ಟಿದ್ದರು. ಈಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಬಸ್ಸಿಗೇನೂ ನಷ್ಟವಿಲ್ಲ. ಇಂಥ ನಾನು, ಜನ್ಮದಲ್ಲಿ ಒಂದು ಸಲವೂ ಕೋಲು ಮುಟ್ಟದೆ, ಈ ಎರಡು ತಾಲ್ಲೂಕಿಗೆ ಏಕಮಾತ್ರ ಗಾಲ್ಫ್ ಗುರುವಾದೆ. ಅದಕ್ಕೆ ಕಾರಣ ನನ್ನ ಯೋಗ್ಯತೆ. ನನ್ನ ಭಾಮೈದನ ಅಯೋಗ್ಯತೆಯೂ ಸ್ವಲ್ಪ ಸಹಾಯ ಮಾಡಿತು.

ಮನೆ ಖರ್ಚಿಗಾಗುವಷ್ಟು

ನನ್ನ ತಂಗಿಯನ್ನು ಕೊಟ್ಟಿರುವುದು ನರಸೀಪುರಕ್ಕೆ. ಅವಳ ಗಂಡ, ಅಂದರೆ ನನ್ನ ಭಾಮೈದ, ಅಲ್ಲಿ ಅಕ್ಕಿ ಗಿರಣಿ ಇಟ್ಟಿದ್ದಾನೆ. ಅವನು ಗಲ್ಲಾದ ಹಿಂದೆ ಕೂತರೆ ಹೊಟ್ಟೆಗೆ ಬೇರೆ ಕುರ್ಚಿ ಹಾಕಬೇಕು. ಇರುವವಳು ಒಬ್ಬಳೇ ಮಗಳು, ಮೈಸೂರಿನಲ್ಲಿ ಬ್ಯಾಂಕಿನ ಕೆಲಸ. ಅದೇ ಬ್ಯಾಂಕಿನ ಹುಡುಗನನ್ನು ಇವಳು ಮೆಚ್ಚಿದಳು, ಇವಳನ್ನು ಅವನು ಮೆಚ್ಚಿದ. ಜಾತಕ ಕೂಡ ತಕರಾರು ಮಾಡಲಿಲ್ಲ. ತಕರಾರು ಮಾಡುವುದಕ್ಕೆ ಉಳಿದವರು ಹುಡುಗನ ಅಪ್ಪ ಒಬ್ಬರೇ.

ಅವರು ರಿಟೈರ್ಡ್ ಚೀಫ್ ಇಂಜಿನಿಯರು. ಸರ್ವಿಸಿನಲ್ಲಿದ್ದಾಗ ಎಷ್ಟು ಸೇತುವೆ ಕಟ್ಟಿಸಿದರೋ ಕಾಣೆ, ಈಗ ಬೆಳಗೆದ್ದು ಹುಲ್ಲಿನ ಮೇಲೆ ಚೆಂಡು ತಳ್ಳಿಕೊಂಡು ಹೋಗುವುದೇ ಕಸುಬು. ಗಾಲ್ಫ್ ಅನ್ನುವ ಆಟದಲ್ಲಿ ಬೆವರುವವನು ಚೀಲ ಹೊರುವವನೊಬ್ಬನೇ. ಆಡುವವರು ಬರೀ ನಿಟ್ಟುಸಿರು ಬಿಡುತ್ತಾರೆ.

ಮನೆ ನೋಡಲು ಬಂದ ದಿನ ಬೀಗರು ಕೇಸರಿಬಾತಿನ ತಟ್ಟೆ ಹಿಡಿದು ಕಾಲ ಮೇಲೆ ಕಾಲು ಹಾಕಿ ಹೇಳಿದರು, "ಸಂಬಂಧ ಬೆಳೆಸೋಕೆ ಮುಂಚೆ ನಾನು ಮನುಷ್ಯನನ್ನ ಗಾಲ್ಫ್ ಮೈದಾನದಲ್ಲಿ ನೋಡ್ತೀನಿ. ಅಲ್ಲಿ ಯೋಗ್ಯತೆ ತಿಳಿದುಹೋಗುತ್ತೆ. ನೀವು ಆಡೋಲ್ಲ, ಬಿಡಿ."

ಆ "ಬಿಡಿ" ಅನ್ನುವುದು ಭಾಮೈದನಿಗೆ ಚುಚ್ಚಿತು.

"ಯಾಕ್ ಸಾರ್, ಆಡ್ತೀನಲ್ಲ! ದಿನಾ ಆಡ್ತೀನಿ."

"ಹೌದಾ? ಎಲ್ಲಿ?"

"ಇಲ್ಲೇ ಸಾರ್, ಗಿರಣಿ ಹಿಂದೆ."

"ಗಿರಣಿ ಹಿಂದೆ ಗಾಲ್ಫ್ ಕೋರ್ಸ್ ಇದೆಯಾ?"

"ಚಿಕ್ಕದು ಸಾರ್. ಮನೆ ಖರ್ಚಿಗಾಗುವಷ್ಟು."

ಬೀಗರು ಚಮಚ ಕೆಳಗಿಟ್ಟರು. "ಹಾಗಾದ್ರೆ ಮುಂದಿನ ತಿಂಗಳು ಮೈಸೂರಿಗೆ ಬನ್ನಿ, ಒಂದು ಕೈ ನೋಡೇಬಿಡೋಣ. ತಾಂಬೂಲ ಅದಾದ ಮೇಲೆ."

ಅವರ ಕಾರು ಮೂಲೆ ತಿರುಗಿತೋ ಇಲ್ಲವೋ, ಮಗಳು ಅಡುಗೆಮನೆಯಿಂದ ಈಚೆ ಬಂದಳು. ಕಣ್ಣು ಕೆಂಪಾಗಿತ್ತು. "ಅಪ್ಪಾ, ಸುಳ್ಳು ಹೇಳೋರನ್ನ ಕಂಡ್ರೆ ಅವರಿಗಾಗಲ್ಲ. ನಿಂಗೆ ಆಡೋಕೆ ಬರಲ್ಲ ಅಂತ ಗೊತ್ತಾದ್ರೆ ಈ ಸಂಬಂಧ ಅಲ್ಲಿಗೇ ಮುಗೀತು. ನನ್ನ ಮದುವೆ ಇನ್ನು ನಿನ್ನ ಕೈಲಿದೆ."

ಭಾಮೈದ ತನ್ನ ಕೈಯನ್ನೇ ನೋಡಿಕೊಂಡ. ತುಪ್ಪ ಮೆತ್ತಿಕೊಂಡು ಜಾರುತ್ತಿತ್ತು.

ಹಪ್ಪಳ

ಮೈಸೂರಿನಲ್ಲಿ ಒಬ್ಬ ಕೋಚು ಸಿಕ್ಕಿದ. ಕನ್ನಡದಲ್ಲಿ ಶುರು ಮಾಡಿ ಇಂಗ್ಲಿಷಿನಲ್ಲಿ ಮುಗಿಸುವ ಪೈಕಿ. ಮೊದಲ ದಿನ ದೂರದ ಹೊಡೆತ. ಭಾಮೈದ ಚಿಕ್ಕಂದಿನಿಂದ ಭತ್ತದ ಮೂಟೆ ಎಸೆದವನು. ಬೀಸಿದ ರಭಸಕ್ಕೆ ಚೆಂಡು ಹೋದದ್ದು ಯಾರಿಗೂ ಕಾಣಲಿಲ್ಲ. ಚಾಮುಂಡಿ ಬೆಟ್ಟ ಒಂಚೂರು ಪಕ್ಕಕ್ಕೆ ಸರಿದುಕೊಂಡಿತು, ಅದು ನನಗೆ ಮಾತ್ರ ಕಂಡಿತು. ಗಾಲ್ಫ್ ಇಷ್ಟೇನಾ ಅಂದುಕೊಂಡೆವು.

ಇಷ್ಟೇ ಅಲ್ಲವಂತೆ. ಮರ್ಯಾದೆ ಹೋಗುವುದು ಹತ್ತಿರದ ಹೊಡೆತದಲ್ಲಂತೆ. ಅದಕ್ಕೆ ಪಿಚ್ ಶಾಟ್ ಅನ್ನುತ್ತಾರೆ. ಕುಳಿ ಅಲ್ಲೇ ಎದುರಿಗೆ ಇರುತ್ತದೆ, ನಡುವೆ ಒಂದು ಕೊಳವೋ ಮರಳಿನ ಹಳ್ಳವೋ ಇರುತ್ತದೆ. ಚೆಂಡು ಮೆಲ್ಲಗೆ ಎದ್ದು, ಅದನ್ನು ದಾಟಿ, ಆಚೆ ಹುಲ್ಲಿನ ಮೇಲೆ ಸದ್ದಿಲ್ಲದೆ ಇಳಿದು, ಸ್ವಲ್ಪ ಉರುಳಿ ಕುಳಿಯ ಹತ್ತಿರ ನಿಲ್ಲಬೇಕು. ನಮ್ಮವನು ಹೊಡೆದರೆ ಒಂದೋ ಚೆಂಡು ಅಲ್ಲೇ ನೆಲದಲ್ಲಿ ಹೂತುಹೋಗುತ್ತಿತ್ತು, ಇಲ್ಲವೋ ಜಿಲ್ಲೆ ದಾಟುತ್ತಿತ್ತು. ನಡುವೆ ಇನ್ನೊಂದು ಅನ್ನುವುದು ಅವನ ಕೈಗೆ ಗೊತ್ತೇ ಇರಲಿಲ್ಲ.

"ಚೆಂಡನ್ನ ಎತ್ತೋಕೆ ಹೋಗಬೇಡಿ ಸರ್," ಅಂದ ಕೋಚು. "ಕೋಲಿನ ಮುಖಕ್ಕೇ ಇಳಿಜಾರಿದೆ, ಅದೇ ಎತ್ತುತ್ತೆ. ನೀವು ಫೀಲ್ ಮಾಡಿ ಸಾಕು."

"ಏನ್ ಮಾಡ್ಲಿ?"

"ಫೀಲ್. ಕೋಲಿನ ತುದೀನ ಕೈಯಲ್ಲಿ ಫೀಲ್ ಮಾಡಿ."

"ತುದಿ ಅಲ್ಲೈತೆ, ಕೈ ಇಲ್ಲೈತೆ. ಹೆಂಗ್ರೀ ಮಾಡೋದು?"

ಕೋಚು ಹಣೆ ಒರೆಸಿಕೊಂಡ. "ಸರ್, ಸುಟ್ಟ ಹಪ್ಪಳ ಹಿಡ್ಕೊಂಡಿದೀನಿ ಅಂದ್ಕೊಳ್ಳಿ. ಮುರೀಬಾರದು, ಕೆಳಗೂ ಬೀಳಬಾರದು. ಅಷ್ಟು ಹಗುರಕ್ಕೆ ಹಿಡೀರಿ."

ಅಂದುಕೊಳ್ಳುವುದು ನಮ್ಮ ಭಾಮೈದನ ವಂಶದಲ್ಲಿಲ್ಲ. ಮಾರನೆಯ ದಿನವೇ ಮನೆಯಲ್ಲಿ ಹಪ್ಪಳ ಸುಡಿಸಿ, ಒಂದೊಂದನ್ನೇ ಕೋಲಿನ ಹಿಡಿಯ ಮೇಲಿಟ್ಟು, ಅದರ ಸಮೇತ ಹಿಡಿದು ಬೀಸಲು ಶುರು ಮಾಡಿದ. ಎತ್ತಿನ ಮೂಗುದಾರ ಹಿಡಿದು ಗೊತ್ತಿರುವ ಕೈ ಅದು. ಚೆಂಡಿನ ಹತ್ತಿರ ಹೋಗುವ ಮೊದಲೇ ಹಪ್ಪಳ ಪುಡಿಪುಡಿ. ತಂಗಿ ಒಲೆಯ ಮುಂದಿನಿಂದ ಕೂಗುವಳು, "ಇನ್ನೊಂದು ಸುಡ್ಲೇನ್ರೀ?" ಇವನು, "ಸುಡು." ಹಿತ್ತಲಿಗೆ ಇರುವೆಗಳು ಬಂಧುಬಳಗ ಸಮೇತ ಬಂದು ನೆಲೆಸಿದವು.

ಒಂದು ದಿನ ನಾನು ಕಾಫಿ ಕುಡಿಯುತ್ತಿದ್ದೆ. ಹಿತ್ತಲಿಂದ ಕೂಗು ಬಂತು, "ಭಾವಾ! ಮುರೀಲಿಲ್ಲ! ಬೇಗ ಬನ್ನಿ ಭಾವಾ, ಹಪ್ಪಳ ಮುರೀಲಿಲ್ಲ!"

ಓಡಿಹೋಗಿ ನೋಡಿದೆ. ನಿಜ. ಕೈಯಲ್ಲಿ ಹಪ್ಪಳ ಚಂದ್ರನ ಹಾಗೆ ದುಂಡಗೆ, ಒಂದು ಗೆರೆಯೂ ಬೀಳದೆ ಇತ್ತು. ಕೋಲು ಪಕ್ಕದ ಮನೆಯ ತಾರಸಿಯ ಮೇಲಿತ್ತು.

ನಿಂಬೆಹಣ್ಣು

ಇನ್ನು ಕೋಚನ್ನು ನಂಬಿ ಕೂತರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ ಅಂತ ನಾನೇ ಗುರುವಾದೆ. ಗಿರಣಿಯ ಹಿಂದೆ ಭತ್ತ ಒಣಗಿಸುವ ಸಿಮೆಂಟಿನ ಕಣ ಇದೆ. ಅದರ ಪಕ್ಕದ ಹುಲ್ಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು ಒಂದೇ ನೋಟಕ್ಕೆ ರೋಗ ಹಿಡಿದೆ. ಇವನು ಹೊಡೆಯುವ ಮೊದಲೇ ತಲೆ ಎತ್ತಿ ಚೆಂಡು ಎಲ್ಲಿಗೆ ಹೋಯಿತು ಅಂತ ನೋಡುತ್ತಾನೆ. ಚೆಂಡು ಇನ್ನೂ ಕಾಲ ಬುಡದಲ್ಲೇ ಬಿದ್ದಿರುತ್ತದೆ.

"ಗಿರಾಕಿ ಬಂದ್ನಾ ಅಂತ ರಸ್ತೆ ನೋಡಿ ನೋಡಿ ಬಂದಿರೋ ಚಾಳಿ ಕಣಯ್ಯ ಇದು," ಅಂತ ಹೇಳಿ, ಗದ್ದಕ್ಕೂ ಎದೆಗೂ ನಡುವೆ ಒಂದು ನಿಂಬೆಹಣ್ಣು ಸಿಕ್ಕಿಸಿದೆ. "ಇದು ಬಿದ್ದರೆ ನಿನ್ನ ಮಗಳ ಮದುವೆ ಬಿತ್ತು ಅಂತ ತಿಳ್ಕೋ." ಚೆಂಡು ಇಳಿಯಬೇಕಾದ ಜಾಗದಲ್ಲಿ ಸುಣ್ಣದಲ್ಲಿ ಒಂದು ದುಂಡನೆ ಗೆರೆ ಎಳೆದು, ಗುರಿ ಸ್ಪಷ್ಟವಾಗಿ ಕಾಣಲಿ ಅಂತ ನಡುವೆ ಒಂದು ಕೆಂಪು ಬಟ್ಟೆ ಇಟ್ಟೆ.

ಅಷ್ಟರಲ್ಲಿ ಕವಲಂದೆ ಕಡೆಯ ರೈತನೊಬ್ಬ ಟ್ರ್ಯಾಕ್ಟರಿನಲ್ಲಿ ಭತ್ತ ತಂದ. "ಸಾವ್ಕಾರ್ರೇ, ಬತ್ತ ತಂದಿವ್ನಿ," ಅಂದ.

ಸಾಹುಕಾರರು ಹಣೆ ತುಂಬ ವಿಭೂತಿ ಬಳಿದುಕೊಂಡು, ಗದ್ದದಡಿ ನಿಂಬೆಹಣ್ಣು ಇಟ್ಟುಕೊಂಡು, ಕೈಯಲ್ಲಿ ಕಬ್ಬಿಣದ ಕೋಲು ಹಿಡಿದು, ಸುಣ್ಣದ ಮಂಡಲದ ಕಡೆ ಮುಖ ಮಾಡಿ ತೂಗಾಡುತ್ತಿದ್ದರು. ಬಾಯಿ ತೆಗೆದರೆ ಹಣ್ಣು ಬೀಳುತ್ತದಲ್ಲ, "ಮ್ಮ್... ಮ್ಮ್..." ಅಂದರು.

ರೈತ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಿವಿಯ ಹತ್ತಿರ ಬಂದ. "ಏನ್ ಸಾ ಇದು?"

"ಮಾತಾಡಿಸಬೇಡಪ್ಪ. ಈಗ ತಲೆ ಎತ್ತಿದ್ರೆ ಇಷ್ಟು ದಿನ ಮಾಡಿದ್ದೆಲ್ಲ ಹಾಳಾಗುತ್ತೆ."

ಅವನು ಭತ್ತ ಇಳಿಸಲೇ ಇಲ್ಲ. ಟ್ರ್ಯಾಕ್ಟರನ್ನು ಹಿಮ್ಮುಖವಾಗಿಯೇ ರಸ್ತೆಯವರೆಗೆ ಓಡಿಸಿಕೊಂಡು ಹೋದ. ಸಂಜೆಯ ಹೊತ್ತಿಗೆ ನರಸೀಪುರದಲ್ಲೆಲ್ಲ ಅದೇ ಸುದ್ದಿ. ಗಿರಣಿ ಸಾಹುಕಾರರಿಗೆ ಯಾರೋ ಮಾಟ ಮಾಡಿಸಿದ್ದಾರೆ, ನಾಲಿಗೆ ಕಟ್ಟಿಹೋಗಿದೆ. ಮನೆ ಮುಂದೆ ಜನ ಸೇರಿತು. "ತಡ ಮಾಡ್ಬ್ಯಾಡಿ, ಈಗ್ಲೇ ಕೊಳ್ಳೇಗಾಲಕ್ಕೆ ಕರ್ಕೊಂಡೋಗಿ, ಅಲ್ಲಿ ನಮ್ಮೋರೊಬ್ರು ತೆಗ್ಯೋರವ್ರೆ," ಅಂತ ಒಬ್ಬ. "ಕೊಳ್ಳೇಗಾಲದೋರೇ ಮಾಡಿದ್ರೆ ಅವರೇ ಹೆಂಗ್ಲಾ ತೆಗ್ದಾರು?" ಅಂತ ಇನ್ನೊಬ್ಬ. ಸುದ್ದಿ ಮೈಸೂರಿನ ಬೀಗರ ಕಿವಿಗೆ ಬಿದ್ದರೆ ಗತಿಯೇನು ಅಂತ ತಂಗಿ ಒಳಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ನಾನು ಹೊರಗೆ ಬಂದು, ಅದು ಗಾಲ್ಫು, ದೊಡ್ಡ ದೊಡ್ಡ ಆಫೀಸರುಗಳು ಆಡುವ ಆಟ ಅಂತ ವಿವರವಾಗಿ ಹೇಳಿದೆ. ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು.

ಜನ ಕರಗಿದ ಮೇಲೆ ಒಬ್ಬ ಮಾತ್ರ ಉಳಿದ. ಆಚೆ ಈಚೆ ನೋಡಿ, ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದ, "ಸಾ, ಮಂಡ್ಲ ಬರ್ದಿದ್ದು ನೀವೇ ಅಂತೆ. ನಮ್ ದಾಯಾದಿ ಒಬ್ಬವ್ನೆ. ಅವನ ನಾಲ್ಗೇನೂ ಒಸಿ ಇಂಗೇ ಕಟ್ಕೊಟ್ಟೀರಾ?"

ಒಪ್ಪಿಕೊಳ್ಳಬಹುದಿತ್ತು. ಕೊಳ್ಳೇಗಾಲದವರ ವ್ಯಾಪಾರ ಕೆಡಿಸುವುದು ಬೇಡ ಅಂತ ಬಿಟ್ಟೆ.

ಕಳಲೆಯ ಕೋಳಿ

ನರಸೀಪುರದಲ್ಲಿ ಇನ್ನು ಅಭ್ಯಾಸ ಮಾಡುವ ಹಾಗಿರಲಿಲ್ಲವಾದ್ದರಿಂದ ಶಿಷ್ಯನನ್ನು ಕಳಲೆಯ ಹತ್ತಿರ ಇರುವ ನನ್ನ ಜಮೀನಿಗೆ ಕರೆದುಕೊಂಡು ಹೋದೆ. ಜಮೀನು ಅಂದರೆ ಸಣ್ಣದಲ್ಲ, ಒಂದು ಎಮ್ಮೆ ಅಡ್ಡಡ್ಡ ಮಲಗಬಹುದು. ಪಕ್ಕದಲ್ಲೇ ಕಾಲುವೆ. ಮೈಸೂರಿನ ಮೈದಾನದಲ್ಲಿ ಕೊಳ ದಾಟಿಸಬೇಕಲ್ಲ, ಇಲ್ಲಿ ಕಾಲುವೆ ದಾಟಿಸಿ ಕಲಿಯಲಿ ಅಂತ ನನ್ನ ಯೋಜನೆ.

ಕಾಲುವೆಯ ಅಗಲ ಎಷ್ಟು? ಮೇಕೆಮರಿ ನೆಗೆಯುತ್ತದೆ. ಇವನ ಚೆಂಡು ನೆಗೆಯಲಿಲ್ಲ. ಹೊಡೆದದ್ದೆಲ್ಲ ನೀರಿಗೆ. ಇವನಿಗೆ ಸಮಾಧಾನ ಹೇಳುವುದಕ್ಕೆ, "ಪರವಾಗಿಲ್ಲ, ಶಬ್ದ ಚೆನ್ನಾಗಿ ಬರ್ತಿದೆ," ಅನ್ನುತ್ತಿದ್ದೆ. ತಂದಿದ್ದ ಚೆಂಡೆಲ್ಲ ಮುಗಿದ ಮೇಲೆ ಮನೆಗೆ ಹೋಗುತ್ತಿದ್ದೆವು. ಮತ್ತೆ ಹೊಸದಾಗಿ ತರುತ್ತಿದ್ದೆವು.

ಒಂದು ದಿನ ಕೆಳಗಿನ ಜಮೀನಿನ ಹೆಂಗಸೊಬ್ಬಳು ಮಡಿಲು ತುಂಬ ಏನನ್ನೋ ತುಂಬಿಕೊಂಡು ಬಂದಳು. ಮಡಿಲು ಬಿಚ್ಚಿದರೆ ಬರೀ ಗಾಲ್ಫ್ ಚೆಂಡು.

"ಅಣ್ಣಾ, ಇವು ನಿಮ್ಮವಾ?"

"ನಮ್ಮವೇ ಕಣಮ್ಮ."

"ಯಾವ್ ಕೋಳಿ ಅಣ್ಣಾ ಇದು, ಇಂತಾ ಗಟ್ಟಿ ಮೊಟ್ಟೆ ಇಕ್ಕದು? ತೂಬಿನತ್ರ ಸಿಕ್ಕುದ್ವು. ಸಾರಿಗಾಯ್ತವೆ ಅಂತ ಬೇಯಾಕಿಟ್ಟೆ, ಮಟಮಟ ಮದ್ಯಾನ ಆದ್ರೂ ಬೇಯ್ಲಿಲ್ಲ. ಕಲ್ಲಿಗೆ ಕುಟ್ಟುದ್ರೆ ನಮ್ಮ ಯಜಮಾನ್ರ ಅಣೆಗೇ ಎಗರಿ ಬಂತು. ಓಗ್ಲಿ ಅಂತ ಒಂದೆರಡ್ನ ಕಾವಿಗಿಕ್ಕುದ್ರೆ ನಮ್ ಕೋಳಿ ತನ್ನ ಮೊಟ್ಟೆ ಬುಟ್ಟು ಅವುಕ್ಕೇ ಕೂತ್ಬುಟ್ಟದೆ, ಏಳಾಕೇ ಒಲ್ಲದು."

"ಫಾರಿನ್ ತಳಿ ತಾಯಿ, ಸ್ವಲ್ಪ ನಿಧಾನ," ಅಂದೆ.

ಅವಳು ನಂಬಿ ಹೊರಟಿದ್ದಳು. ನನ್ನ ಪೆದ್ದ ಭಾಮೈದ ಮಧ್ಯೆ ಬಾಯಿ ಹಾಕಿ, ಅದು ಮೊಟ್ಟೆಯಲ್ಲ, ಆಟದ ಚೆಂಡು, ಕುಳಿಯೊಳಗೆ ಹಾಕಬೇಕು ಅಂತ ನಿಜ ಹೇಳಿಬಿಟ್ಟ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟು ವಯಸ್ಸಾದ್ಮೇಲಾ?" ಅಂದಳು. ಚೆಂಡು ಸುರಿದು ಹೋದಳು.

ಅಲ್ಲಿಗೆ ಲೆಕ್ಕ ಹಾಕಿ ನೋಡಿದೆ. ಅಷ್ಟು ದಿನದ ತಪಸ್ಸಿನಲ್ಲಿ ಇವನ ಚೆಂಡು ಒಂದು ಸರಿಯಾದ ಗೂಡು ಸೇರಿದ್ದು ಆ ಕೋಳಿಯ ಕೆಳಗೆ ಮಾತ್ರ.

ಬೀಗರ ಚೆಂಡು

ಕೊನೆಗೂ ಆ ಭಾನುವಾರ ಬಂದೇಬಿಟ್ಟಿತು. ಕಾರಿನಲ್ಲಿ ಭಾಮೈದ ಮುಂದೆ ಕೂತು ಬೆವರುತ್ತಿದ್ದ. ಹಿಂದೆ ನಾನು, ಮಗಳು, ತಂಗಿ. ತಂಗಿಯ ಮಡಿಲಲ್ಲಿ ದೊಡ್ಡ ಟಿಫಿನ್ ಕ್ಯಾರಿಯರು, ಮೈಮೇಲೆ ಮೈಸೂರು ಸಿಲ್ಕು. ಊರಿನ ಗಡಿ ದಾಟಿದ ಮೇಲೆ ಅವಳು ಬಾಯಿ ಬಿಟ್ಟಳು.

"ಅಲ್ಲಾ ರೀ, ಚೆನ್ನಾಗಿ ಆಡಿ. ಆದ್ರೆ ಗೆದ್ದೀರಿ, ಜೋಕೆ!"

"ಯಾಕೇ?"

"ಯಾಕೆ ಅಂದ್ರೆ? ಗಂಡಿನ ಕಡೆಯೋರು ಕಣ್ರೀ. ಹೆಣ್ಣು ಕೊಡೋರು ಬೀಗರನ್ನ ಸೋಲಿಸ್ತಾರಾ ಎಲ್ಲಾದ್ರೂ? ಆಮೇಲೆ ನನ್ನ ಮಗಳು ಜೀವಮಾನ ಇಡೀ ಆ ಮಾತು ಕೇಳ್ಬೇಕು."

ಆಡಲು ಬರುವುದಿಲ್ಲ ಅನ್ನುವುದು ಗೊತ್ತಾಗಬಾರದು, ಗೆಲ್ಲಲೂ ಬಾರದು. ಭಾಮೈದನ ತಲೆಗೆ ಒಂದು ಸಲಕ್ಕೆ ಒಂದು ವಿಷಯ ಹೋಗುವುದೇ ಕಷ್ಟ. ಅವನು ಕಿಟಕಿ ಇಳಿಸಿ ಗಾಳಿ ಕುಡಿದ.

ಮೈದಾನದಲ್ಲಿ ಬೀಗರು ಬಿಳಿ ಕೈಗವಸು ಹಾಕಿಕೊಂಡು ನಿಂತಿದ್ದರು. ಒಂದೇ ಕೈಗೆ. ಇನ್ನೊಂದಕ್ಕೆ ಯಾಕಿಲ್ಲ ಅಂತ ನಾನು ಕೇಳಲಿಲ್ಲ, ಬಡತನದ ವಿಷಯ ಯಾರನ್ನೂ ಕೇಳಬಾರದು. "ಒಂದೇ ಕುಳಿ ಸಾಕು, ಅಷ್ಟರಲ್ಲಿ ಮನುಷ್ಯ ಗೊತ್ತಾಗ್ತಾನೆ," ಅಂದರು. ದೂರದ ಹೊಡೆತ ಇಬ್ಬರದೂ ಸಾಂಗವಾಗಿ ಆಯಿತು. ಹೋಗಿ ನೋಡಿದರೆ ಎರಡು ಚೆಂಡೂ ಕೊಳದ ಈಚೆ ಬಿದ್ದಿವೆ. ಕೊಳದ ಆಚೆ ನುಣ್ಣನೆ ಹುಲ್ಲಿನ ಹಸಿರು, ಹಸಿರಿನ ಮೇಲೆ ಬಾವುಟ, ಬಾವುಟದ ಬುಡದಲ್ಲಿ ಕುಳಿ. ಪಕ್ಕದಲ್ಲಿ ಮರಳಿನ ಹಳ್ಳ. ಇಡೀ ತಿಂಗಳು ಹೆದರಿದ್ದ ಹೊಡೆತ ಅದೇ.

"ನಿಮ್ಮ ಚೆಂಡು ಹಿಂದಿದೆ. ನೀವು ಮೊದಲು," ಅಂದರು ಬೀಗರು.

"ಉಂಟೇ ಸಾರ್! ನೀವು ಮೊದಲು."

"ಅಲ್ಲ, ಅದು ರೂಲ್ಸು. ದೂರ ಇರೋನು ಮೊದಲು ಹೊಡೀಬೇಕು."

"ರೂಲ್ಸು ಇರ್ಲಿ ಸಾರ್. ಗಂಡಿನ ಕಡೆಯೋರು ಎಲೆ ಮುಂದೆ ಕೂರದೆ ನಾವು ಕೈ ಹಾಕೋಕಾಗುತ್ತಾ?"

"ಇದು ಊಟ ಅಲ್ಲ ಸ್ವಾಮಿ!"

"ಏನಾದ್ರೂ ಆಗ್ಲಿ, ನೀವಾದ ಮೇಲೆ ನಾವು."

ಹಿಂದೆ ಆಡಲು ಕಾಯುತ್ತಿದ್ದವರು ಕೂಗಿದರು. ಅವರ ಹಿಂದಿದ್ದವರು ಅವರಿಗೆ ಕೂಗಿದರು. ಭಾಮೈದ ಕೈ ಕಟ್ಟಿಕೊಂಡು ವಿನಯದಿಂದ ನಿಂತೇ ಇದ್ದ. ಬೀಗರು ಹಲ್ಲು ಕಚ್ಚಿ ತಾವೇ ಮೊದಲು ಹೊಡೆದರು. ಕೋಪದ ಹೊಡೆತ. ಚೆಂಡು ಕೊಳ ದಾಟಿ, ಹಸಿರು ತಪ್ಪಿ, ನೇರ ಮರಳಿನ ಹಳ್ಳಕ್ಕೆ ಬಿತ್ತು.

"ಈಗ ನೀವು," ಅಂದರು ಹಳ್ಳದ ಕಡೆ ನಡೆಯುತ್ತಾ.

ಭಾಮೈದ ನನ್ನ ಕಿವಿಯಲ್ಲಿ ಹೇಳಿದ, "ಭಾವ, ಕೊಳಕ್ಕೇ ಹಾಕಿಬಿಡ್ತೀನಿ. ಅದೊಂದು ನಂಗೆ ಚೆನ್ನಾಗಿ ಬರುತ್ತೆ." ಮುಖದಲ್ಲಿ ಬಿಡುಗಡೆಯ ಕಳೆ. ಗೆಲ್ಲುವ ಆಸೆ ಇಲ್ಲ, ದಾಟಿಸುವ ಚಿಂತೆ ಇಲ್ಲ. ಕೋಲನ್ನು ಸುಮ್ಮನೆ ಹೀಗೆ ತೂಗಿಬಿಟ್ಟ.

ಚೆಂಡು ಎದ್ದಿತು ನೋಡಿ! ಬೆಣ್ಣೆಯುಂಡೆ ಗಾಳಿಯಲ್ಲಿ ತೇಲಿದ ಹಾಗೆ. ಕೊಳ ದಾಟಿತು, ಹಸಿರಿನ ಮೇಲೆ ಸದ್ದಿಲ್ಲದೆ ಇಳಿಯಿತು, ಯಾರೋ ಕರೆದ ಹಾಗೆ ಉರುಳಿಕೊಂಡು ಹೋಗಿ ಕುಳಿಯೊಳಗೆ ಬಿತ್ತು.

"ಅಯ್ಯಯ್ಯೋ! ತಪ್ಪಾಯ್ತು ಸಾರ್!" ಭಾಮೈದ ಕೋಲು ಬಿಸಾಡಿ ಕೊಳದ ಸುತ್ತ ಓಡಿದ. "ಗೊತ್ತಿಲ್ದೆ ಬಿದ್ದೋಯ್ತು! ತೆಗೆದುಬಿಡ್ತೀನಿ ಸಾರ್, ತೆಗೆದುಬಿಡ್ತೀನಿ!"

ಬೀಗರು ಮರಳಿನಲ್ಲಿ ನಿಂತು ಹೊಡೆದರು. ಮರಳು ಹಾರಿತು, ಚೆಂಡು ಅಲ್ಲೇ. ಮತ್ತೆ ಹೊಡೆದರು. ಮರಳು ಅವರ ಮೀಸೆಗೆ ಬಂತು, ಚೆಂಡು ಅಲ್ಲೇ. ಮತ್ತೆ, ಮತ್ತೆ. ಮುಖ ಟೊಮೇಟೊ ಬಣ್ಣಕ್ಕೆ ತಿರುಗಿತು. ಅಪ್ಪನ ಜೊತೆ ಬಂದಿದ್ದ ಮದುವೆ ಹುಡುಗ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ, "ಮಾವ, ನಮ್ಮಪ್ಪಂಗೆ ಮರಳಿಂದ ಈಚೆ ಬರೋಕಾಗಲ್ಲ. ಸೋತರೆ ತಿಂಗಳಾನುಗಟ್ಟಲೆ ಯಾರ ಹತ್ರನೂ ಮಾತಾಡಲ್ಲ." ನಮ್ಮ ಹುಡುಗಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಮದುವೆ ಆ ಹಳ್ಳದಲ್ಲಿ ಹೂತುಹೋಗುವುದು ನಮ್ಮೆಲ್ಲರ ಕಣ್ಣಿಗೂ ಕಾಣುತ್ತಿತ್ತು.

ಆಗ ಮರದ ನೆರಳಿನಲ್ಲಿದ್ದ ನನ್ನ ತಂಗಿ ಎದ್ದಳು. ಕ್ಯಾರಿಯರು ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಳ್ಳದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಮರಳಿಗೆ ಇಳಿದು, ಬೀಗರ ಕಾಲ ಬಳಿಯಿದ್ದ ಚೆಂಡನ್ನು ಎತ್ತಿಕೊಂಡಳು. ಸೆರಗಿನಲ್ಲಿ ಚೆನ್ನಾಗಿ ಒರೆಸಿದಳು. ಹಸಿರಿನ ಮೇಲೆ ನಡೆದುಹೋಗಿ, ಬಗ್ಗಿ, ಎಲೆಗೆ ಬಡಿಸುವ ಹಾಗೆ ಅದನ್ನು ಕುಳಿಯೊಳಗೆ ಇಟ್ಟಳು.

"ಏಳಿ ಬೀಗರೇ, ಕೈ ತೊಳ್ಕೊಳ್ಳಿ. ಬಿಸಿಬೇಳೆಬಾತು ಆರ್ತಾ ಇದೆ."

ಹಿಂದೆ ಕೂಗುತ್ತಿದ್ದವರೂ ಬಾಯಿ ಮುಚ್ಚಿದರು.

"ಏನಮ್ಮಾ... ಏನಿದು ನೀವು ಮಾಡಿದ್ದು?" ಅಂದರು ಬೀಗರು.

"ಅದು ಆ ಕುಳೀಗೆ ಹೋಗ್ಬೇಕಿತ್ತು ತಾನೇ? ಹೋಯ್ತು. ಅಷ್ಟಕ್ಕೆ ದೊಡ್ಡೋರು ನೀವು ಈ ಬಿಸಿಲಲ್ಲಿ ಮರಳು ಕೆದಕ್ತಾ ನಿಲ್ಬೇಕಾ? ನಾವೆಲ್ಲ ಯಾಕಿದೀವಿ?"

ಬೀಗರು ಕೋಲು ನೋಡಿದರು. ಮರಳು ನೋಡಿದರು. ಕುಳಿಯಲ್ಲಿ ಅಕ್ಕಪಕ್ಕ ಕೂತಿದ್ದ ಎರಡು ಚೆಂಡು ನೋಡಿದರು. ಮೀಸೆಯ ಮರಳು ಉದುರುವ ಹಾಗೆ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

"ತಾಯಿ, ಈ ಹಳ್ಳದಲ್ಲಿ ನಾನು ಸರ್ವಿಸಿಗಿಂತ ಹೆಚ್ಚು ಕಾಲ ಕಳೆದಿದೀನಿ. ಒಬ್ಬರಾದ್ರೂ ಹೀಗೆ ಮಾಡಿರ್ಲಿಲ್ಲ. ನಿಮ್ಮ ಹುಡುಗಿಗೂ ಈ ಹೊಡೆತ ಬರುತ್ತಾ?"

"ನಾನೇ ಕಲಿಸಿರೋದು," ಅಂದಳು ತಂಗಿ.

"ಹಾಗಾದ್ರೆ ತಾಂಬೂಲ ತೆಗೀರಿ."

ಅಲ್ಲೇ, ಆ ಹುಲ್ಲಿನ ಮೇಲೇ, ಬಾವುಟದ ಬುಡದಲ್ಲಿ ತಟ್ಟೆ ಬದಲಾಯಿತು. ಹಿಂದೆ ಕಾಯುತ್ತಿದ್ದವರಿಗೂ ಬಿಸಿಬೇಳೆಬಾತು ಸಿಕ್ಕಿತು. ನನ್ನ ತಂಗಿಗೆ ಕಲಿಸಿದ ಗುರು ಯಾರು ಅಂತ ಮಾತ್ರ ಯಾರೂ ಕೇಳಲಿಲ್ಲ. ಕೇಳಲಿ ಅಂತ ನಾನು ಎರಡು ಸಲ ಕೆಮ್ಮಿದೆ ಕೂಡ.